ದಳ್ಳಾಳಿ ಆಡಿದ ಸುಳ್ಳು ಯಾರದು?



ಇವತ್ತಿನ ಚಿಂತನೆ ಎಂದಿಗಿಂತ ಉದ್ದವಾಗಿದೆ. ಕೆಲಸಕ್ಕೆ ಹೊರಟವರು ಸಂಜೆ ನಿಧಾನವಾಗಿ ಓದಿಕೊಳ್ಳಿ.

ಹೋದ ಭಾನುವಾರ ನಮ್ಮ ಬಳಗದಲ್ಲಿ ಪಂಚಶೀಲದ ನಾಲ್ಕನೆಯದು, ಮುಸಾವಾದದಿಂದ ದೂರವಿರುವುದು, ಚರ್ಚೆಗೆ ಬಂದಿತ್ತು. ಕೊನೆಗೆ ಎಲ್ಲರೂ ಏಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ನಮ್ಮಪ್ಪನ ಹಳೇ ಕಾರು ಮಾರಿದ್ವಿ. ಅದು ಒಂದ್ಸಲ ಜೋರಾಗಿ ಗುದ್ದಿ ಮುಂದಿನ ಭಾಗ ಪೂರ್ತಿ ಕಟ್ಟಿಸಿದ್ದ ಗಾಡಿ. ಬ್ರೋಕರ್ ಅದನ್ನ ಒಂದು ಗೀರೂ ಬಿದ್ದಿಲ್ಲ ಅಂತ ಹೇಳಿ ಮಾರಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡ್ಲಿಲ್ಲ. ಸುಳ್ಳು ಹೇಳಿದ್ದು ಅವನು. ನನ್ನ ಶೀಲ ಮುರೀತಾ?"

ಎಲ್ಲರೂ ನನ್ನ ಮುಖ ನೋಡಿದರು. ನಾನು "ಮುಂದಿನ ವಾರ ಮಾತಾಡೋಣ" ಎಂದು ತೇಲಿಸಿಬಿಟ್ಟೆ. ಉತ್ತರ ಗೊತ್ತಿಲ್ಲದೆ ಹಾಗೆ ಮಾಡಿದ್ದಲ್ಲ. ಈ ವಿಷಯದಲ್ಲಿ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಮುಚ್ಚಿಟ್ಟುಕೊಂಡು ಅವನಿಗೆ ಸೂತ್ರ ಹೇಳುವುದು ಸರಿಯಾಗುತ್ತಿರಲಿಲ್ಲ.

2023ರ ಫೆಬ್ರವರಿ. ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಗಿತ್ತು. ಬೆಳಗಿನ ಐದು ಗಂಟೆಗೆ ಸಿದ್ದಾಪುರದ ನಮ್ಮ ಓಣಿಗೆ ಆಟೋ ಸಿಗುವುದು ಕಷ್ಟ. ಸಿಕ್ಕರೂ ನಾಲ್ಕು ಗಂಟೆ ಮಲಗಿ ಬಂದ ಜೀವವನ್ನು ವಾಪಸ್ಸು ಆಟೋದಲ್ಲಿ ಕುಲುಕಿಸಿಕೊಂಡು ತರುವುದು ಇನ್ನೂ ಕಷ್ಟ. ಕೈಯಲ್ಲಿ ಮೂರು ಲಕ್ಷ ಇತ್ತು. ಪರಿಚಯದವರು ಒಬ್ಬ ಬ್ರೋಕರ್ ನಂಬರ್ ಕೊಟ್ಟರು. ಆತ ನಾಲ್ಕೇ ದಿನದಲ್ಲಿ ಒಂದು ಸಣ್ಣ ಕಾರು ತೋರಿಸಿದ. ಕೆಎ-51 ನಂಬರು. "ಸಾರ್, ಸಿಂಗಲ್ ಓನರ್, ರಿಟೈರ್ಡ್ ಆಫೀಸರ್ ಗಾಡಿ. ವಾರಕ್ಕೊಂದ್ಸಲ ದೇವಸ್ಥಾನಕ್ಕೆ ಹೋಗಿ ಬರೋದು, ಅಷ್ಟೇ. ಎಲ್ಲಾ ಶೋರೂಮ್ ಸರ್ವಿಸ್." ಸರ್ಜಾಪುರ ರಸ್ತೆ ಕಡೆಯ ಒಂದು ಮನೆಯ ಮುಂದೆ ನಿಂತು ನೋಡಿದೆವು. ಬಣ್ಣ ಹೊಳೆಯುತ್ತಿತ್ತು. ಒಳಗೆ ಘಮಘಮ ಸೆಂಟ್ ವಾಸನೆ. ಮಾಲೀಕರು ವಯಸ್ಸಾದವರು, ಗೇಟಿನ ಹತ್ತಿರ ನಿಂತಿದ್ದರು.

ಆ ಕಡೆಯ ಬಡಾವಣೆಗಳಲ್ಲಿ 2022ರ ಸೆಪ್ಟೆಂಬರಿನಲ್ಲಿ ಏನಾಗಿತ್ತು ಎಂದು ನಿಮಗೆಲ್ಲ ನೆನಪಿರಬಹುದು. ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದ್ದವು, ನೆಲಮಾಳಿಗೆಗಳಲ್ಲಿ ನಿಂತ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಹಾಗಾಗಿ ನಾನು ಕೇಳಿಯೇ ಕೇಳಿದೆ: "ಗಾಡಿಗೆ ನೀರು ಏನಾದ್ರೂ ಹೊಕ್ಕಿತ್ತಾ?"

"ಚೇ, ಎಲ್ಲಿ ಸಾರ್, ಇವರ ಮನೆ ಎತ್ತರದಲ್ಲಿದೆ ನೋಡಿ" ಎಂದ ಬ್ರೋಕರ್. ನಾನು ಮಾಲೀಕರ ಮುಖ ನೋಡಿದೆ. ಅವರು ಕಾಂಪೌಂಡಿನಲ್ಲಿದ್ದ ಸೀಬೆ ಮರವನ್ನು ನೋಡುತ್ತಿದ್ದರು.

2,85,000ಕ್ಕೆ ಮಾತಾಯಿತು. ಬ್ರೋಕರಿಗೆ ನನ್ನ ಕಡೆಯಿಂದ ಐದು ಸಾವಿರ, ಅವರ ಕಡೆಯಿಂದ ಐದು ಸಾವಿರ. ಇಲ್ಲಿ ಒಂದು ಮಾತು ಹೇಳಬೇಕು. ಆತ ತನ್ನ ಕೆಲಸ ಮಾಡಲಿಲ್ಲ ಎನ್ನುವ ಹಾಗಿಲ್ಲ. ಹಳೇ ಸಾಲದ ಬಾಬ್ತು ಬ್ಯಾಂಕಿನಿಂದ ಫಾರಂ 35, ವರ್ಗಾವಣೆಗೆ ಫಾರಂ 29, ಫಾರಂ 30, ವಿಮೆ ಹೆಸರು ಬದಲಾವಣೆ, ಜಯನಗರದ ಆರ್‌ಟಿಓ ಓಡಾಟ, ಎಲ್ಲವನ್ನೂ ಆತನೇ ಮಾಡಿದ. ನಾನು ಮಾಡಲು ಹೋಗಿದ್ದರೆ ಮೂರು ದಿನ ರಜೆ ಹಾಕಬೇಕಿತ್ತು.

ಜೂನಿನಲ್ಲಿ ಮಳೆ ಹಿಡಿದಾಗ ಸೆಂಟ್ ವಾಸನೆಯ ಅಡಿಯಿಂದ ಬೇರೆ ವಾಸನೆ ಮೇಲೆ ಬಂತು. ಒದ್ದೆ ಚೀಲದ ವಾಸನೆ. ಪವರ್ ವಿಂಡೋ ಒಂದು ದಿನ ಕೆಲಸ ಮಾಡಿದರೆ ಎರಡು ದಿನ ಇಲ್ಲ. ಒಂದು ಗುರುವಾರ ಬೆಳಗಿನ ಜಾವ ಡೈರಿ ಸರ್ಕಲ್ ಹತ್ತಿರ ಗಾಡಿ ನಿಂತೇ ಹೋಯಿತು, ಎಲ್ಲ ದೀಪ ಒಟ್ಟಿಗೆ ಆರಿ. ಅಮ್ಮ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದರು. ಮಳೆ. ಇಪ್ಪತ್ತೈದು ನಿಮಿಷದ ಮೇಲೆ ಒಬ್ಬ ಆಟೋದವನು ನಿಲ್ಲಿಸಿ, ಅಮ್ಮನನ್ನು ಎತ್ತಿ ಕೂರಿಸಿಕೊಂಡು, ಮೀಟರಿಗಿಂತ ಒಂದು ರೂಪಾಯಿ ಹೆಚ್ಚು ಕೇಳದೆ ಬಿಟ್ಟ. ಅಮ್ಮ ಅಂದದ್ದು ಇಷ್ಟೇ: "ಇದಕ್ಕಿಂತ ಆಟೋನೇ ವಾಸಿ ಕಣೋ."

ಜೆ.ಸಿ. ರಸ್ತೆಯ ಮೆಕ್ಯಾನಿಕ್ ಒಬ್ಬರು ಐದು ನಿಮಿಷದಲ್ಲಿ ಹೇಳಿದರು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರು. ಹೊರಗೆ ಕಾಣುವಷ್ಟು ಭಾಗ ಶುಭ್ರ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ. ಸ್ಟೆಪ್ನಿ ಎತ್ತಿದರೆ ಕೆಳಗೆ ಕುಂಕುಮದಷ್ಟು ನುಣುಪಾದ ಮಣ್ಣು. ಸೀಟಿನ ಬೋಲ್ಟುಗಳಲ್ಲಿ ತುಕ್ಕು. ಹಿಂದಿನ ವರ್ಷದ ವಿಮೆ ಕಾಗದ ಕೇಳಿದ್ದರೆ ನೋ ಕ್ಲೇಮ್ ಬೋನಸ್ ಸೊನ್ನೆ ಎಂದು ಬರೆದಿರುತ್ತಿತ್ತು, ಅಷ್ಟರಲ್ಲೇ ತಿಳಿದುಬಿಡುತ್ತಿತ್ತು ಎಂದರು. ನಾನು ಕೇಳಿರಲಿಲ್ಲ. (ನೀವು ಯಾರಾದರೂ ಹಳೇ ಗಾಡಿ ಕೊಳ್ಳುವವರಿದ್ದರೆ ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಧಮ್ಮಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ, ಕಣ್ಣು ಬಿಟ್ಟು ನೋಡುವುದೂ ಅಭ್ಯಾಸವೇ.) ರಿಪೇರಿಗೆ ಒಟ್ಟು 62,000 ಹೋಯಿತು.

ಸಿಟ್ಟು ಬಂತು. ಮಾಲೀಕರ ನಂಬರ್ ಡೆಲಿವರಿ ನೋಟಿನಲ್ಲಿತ್ತು, ಫೋನ್ ಮಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬ್ರೋಕರ್ ನಿಮಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ" ಎಂದರು. ಬ್ರೋಕರಿಗೆ ಮಾಡಿದೆ. "ಸಾರ್, ಪಾರ್ಟಿ ನನಗೆ ಹೇಳಿದ್ದನ್ನ ನಾನು ನಿಮಗೆ ಹೇಳಿದೆ" ಎಂದ. ಒಂದು ಸುಳ್ಳು ಇತ್ತು, ಆದರೆ ಅದಕ್ಕೆ ಒಡೆಯರೇ ಇರಲಿಲ್ಲ.

ಇದುವರೆಗೆ ಕಥೆಯಲ್ಲಿ ನಾನು ಮೋಸ ಹೋದವನು. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಮುಂದಿನದನ್ನು ಹೇಳಿರಲಿಲ್ಲ.

2024ರ ಜುಲೈ. ಗಾಡಿ ಮಾರಲು ತೀರ್ಮಾನಿಸಿ ಬೇರೆ ಬ್ರೋಕರ್ ಒಬ್ಬನಿಗೆ ಹೇಳಿದೆ. ವಿಷಯ ಎಲ್ಲ ಬಿಚ್ಚಿಟ್ಟೆ. ಆತ ಕೇಳಿ ತಲೆ ಆಡಿಸಿ, "ಸಾರ್, ಪಾರ್ಟಿ ಬಂದಾಗ ನೀವೇನೂ ಮಾತಾಡ್ಬೇಡಿ. ಮಾತಾಡೋಕೆ ನಾನಿದ್ದೀನಲ್ಲ" ಎಂದ. ನನಗೆ ಎಷ್ಟು ಹಗುರ ಅನಿಸಿತು ಅಂದರೆ, ಅವನಿಗೆ ಕೊಡುವ ಕಮಿಷನ್ ಇದಕ್ಕೇ ಅನ್ನುವ ಹಾಗೆ. ಮನೆಯಲ್ಲಿ ಇವಳ ಹತ್ತಿರ ಹೇಳಿದಾಗ ಅವಳೂ ಕೇಳಿದಳು: "ನಮಗೆ ಮಾಡಿದಾಗ ಯಾರು ಬಂದು ಹೇಳಿದ್ರು?" ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮನ ಚಿಕಿತ್ಸೆ ನಡೆಯುತ್ತಲೇ ಇತ್ತು, ಹಣ ಬೇಕಿತ್ತು.

ಮೂರು ವಾರದ ಮೇಲೆ ಒಬ್ಬ ಯುವಕ ಬಂದ, ಹೆಂಡತಿಯೊಂದಿಗೆ. ಆಕೆಗೆ ಏಳನೇ ತಿಂಗಳು. ಬ್ರೋಕರ್ ಹೇಳಬೇಕಾದ್ದೆಲ್ಲ ಹೇಳಿದ. 2,40,000ಕ್ಕೆ ಒಪ್ಪಿಗೆಯಾಯಿತು. ಟೋಕನ್ ಐದು ಸಾವಿರ ಎಣಿಸಿ ಕೈಗೆ ಕೊಡುವ ಮುಂಚೆ ಆ ಹುಡುಗ ಬ್ರೋಕರನ್ನು ಬಿಟ್ಟು ನನ್ನನ್ನು ನೋಡಿ ಕೇಳಿದ: "ಅಂಕಲ್, ಗಾಡಿ ಚೆನ್ನಾಗಿದೆ ಅಲ್ವಾ? ನೀವು ಹ್ಞೂಂ ಅಂದ್ರೆ ಸಾಕು."

ನಮ್ಮ ಮನೆಯ ಮುಂದೆ ಸೀಬೆ ಮರ ಇಲ್ಲ. ಎದುರು ಮನೆಯವರು ಲಾಲ್‌ಬಾಗ್ ಹತ್ತಿರದ ನರ್ಸರಿಯಿಂದ ತಂದು ನೆಟ್ಟ ಒಂದು ಸಂಪಿಗೆ ಗಿಡ ಇದೆ. ನಾನು ಅದನ್ನು ನೋಡಿದೆ. ಹ್ಞೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಸುಮ್ಮನಿದ್ದವನು ಸುಳ್ಳು ಹೇಳಿದನೇ?

ಮೊದಲು ಕಾನೂನು ನೋಡಿ, ಏಕೆಂದರೆ ನಮ್ಮಲ್ಲಿ ಬಹಳ ಮಂದಿ "ಕಾನೂನಲ್ಲಿ ತಪ್ಪಿಲ್ಲ" ಎಂಬಲ್ಲಿಗೆ ನಿಲ್ಲುತ್ತಾರೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಇದೇ ಚರ್ಚೆ ಇದೆ, ಕಾರಿನ ಬದಲು ಕುದುರೆ. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದು ರೋಗಿಷ್ಠ ಎಂದು ಗೊತ್ತು, ಬಾಯಿ ಬಿಡುವುದಿಲ್ಲ. ಬರೀ ಮೌನ ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಕೊಳ್ಳುವವನು ಪರೀಕ್ಷಿಸಿಕೊಳ್ಳಲಿ. ಆದರೆ ಅಲ್ಲಿಗೇ ಮುಗಿಸುವುದಿಲ್ಲ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ ಹೇಳುವುದು ಅವನ ಕರ್ತವ್ಯ ಎನ್ನುತ್ತದೆ. ಇನ್ನೊಂದು ಉದಾಹರಣೆಯಲ್ಲಿ, ಕೊಳ್ಳುವವನು "ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ" ಎನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಆಗ ಆ ಮೌನ ಮಾತಿಗೆ ಸಮ.

ನಮ್ಮ ಮನೆ ಮುಂದೆ ಆ ಹುಡುಗ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಇನ್ನು ದಳ್ಳಾಳಿಯ ಮಾತಿನ ಬಗ್ಗೆ ಅದೇ ಕಾಯ್ದೆಯ 238ನೇ ಸೆಕ್ಷನ್ ಇದೆ: ಏಜೆಂಟನು ತನ್ನ ಕೆಲಸದ ಭಾಗವಾಗಿ ಯಜಮಾನನ ಪರವಾಗಿ ಮಾಡಿದ ವಂಚನೆ, ಆ ಒಪ್ಪಂದದ ಮಟ್ಟಿಗೆ, ಯಜಮಾನನೇ ಮಾಡಿದ ಹಾಗೆ. ಅಂದರೆ "ಹೇಳಿದ್ದು ಅವನು" ಎಂಬ ವಾದಕ್ಕೆ ಕೋರ್ಟಿನಲ್ಲೂ ಕಾಲಿಲ್ಲ.

ಶೀಲದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮುಸಾವಾದ ಪೂರ್ತಿಯಾಗಲು ನಾಲ್ಕು ಅಂಗಗಳು ಎನ್ನುತ್ತವೆ ಅಟ್ಠಕಥೆಗಳು: ಸಂಗತಿ ಸುಳ್ಳಾಗಿರಬೇಕು, ವಂಚಿಸುವ ಚಿತ್ತ ಇರಬೇಕು, ಅದಕ್ಕೆ ತಕ್ಕ ಪ್ರಯತ್ನ ಇರಬೇಕು, ಎದುರಿನವನಿಗೆ ಅದು ಮುಟ್ಟಬೇಕು. ಆ ಪ್ರಯತ್ನ ಬಾಯಿಂದಲೇ ಆಗಬೇಕೆಂದಿಲ್ಲ, ಮೈಯಿಂದಲೂ ಆಗಬಹುದು ಎಂಬುದನ್ನೂ ಅಲ್ಲಿ ಸೇರಿಸಿದ್ದಾರೆ. ಇದನ್ನು ಎಷ್ಟೋ ಸಲ ಓದಿದ್ದೆ. ಆದರೆ ಸಂಪಿಗೆ ಗಿಡದ ಕಡೆ ಕತ್ತು ತಿರುಗಿಸುವುದು ಒಂದು ಪ್ರಯತ್ನ ಎಂದು ಹೊಳೆದದ್ದು ಆ ರಾತ್ರಿಯೇ. ಹುಡುಗ ನನ್ನ ಮುಖದಲ್ಲಿ ಉತ್ತರ ಓದುತ್ತಾನೆ ಎಂದು ಗೊತ್ತಿದ್ದೇ ಮುಖ ತೆಗೆದೆ. ಗೊತ್ತಿಲ್ಲದಿದ್ದರೆ ತೆಗೆಯುತ್ತಿರಲಿಲ್ಲ.

ಮತ್ತೆ ದಳ್ಳಾಳಿ. ಅಂಗುತ್ತರ ನಿಕಾಯದ ನಾಲ್ಕರ ನಿಪಾತದ ಕಮ್ಮಪಥ ವಗ್ಗದಲ್ಲಿ ಒಂದೊಂದು ದುಷ್ಕರ್ಮಕ್ಕೂ ನಾಲ್ಕು ಹೆಜ್ಜೆ ಹೇಳಿದೆ: ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು, ಅದನ್ನು ಹೊಗಳುವುದು. ಸುಳ್ಳಿನ ವಿಷಯದಲ್ಲೂ ಹೀಗೆಯೇ. ನಾನು ಮಾಡಿಸಿದೆನೋ ಬರೀ ಒಪ್ಪಿದೆನೋ ಎಂದು ಯೋಚಿಸುತ್ತ ಕೂತೆ. ಎರಡನೆಯದೂ ಮೂರನೆಯದೂ ಬೇರೆ ಬೇರೆ ಅನ್ನಿಸಿದ್ದು ನನಗೆ ಬೇಕಾಗಿದ್ದರಿಂದ. ಕಮಿಷನ್ ಕೊಡುವುದೆಂದರೆ ಎರಡೂ ಸೇರಿಯೇ.

ಇಲ್ಲಿ ಸೇರಿವವಾಣಿಜ ಜಾತಕ ನೆನೆಯಬೇಕು, ಜಾತಕಗಳಲ್ಲಿ ಮೂರನೆಯದು. ಸೇರಿ ಎಂಬ ನಾಡಿನ ಇಬ್ಬರು ತಿರುಗು ವ್ಯಾಪಾರಿಗಳು ತೇಲವಾಹ ನದಿ ದಾಟಿ ಅಂಧಪುರಕ್ಕೆ ಬರುತ್ತಾರೆ. ಅಲ್ಲಿ ಹಿಂದೆ ಶ್ರೀಮಂತವಾಗಿದ್ದು ಈಗ ಕೂಲಿಗೆ ಬಿದ್ದ ಮನೆಯಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು. ಹುಡುಗಿಗೆ ಒಂದು ಒಡವೆಯ ಆಸೆ. ಹಳೇ ಪಾತ್ರೆಗಳ ನಡುವೆ ಮಸಿ ಹಿಡಿದು ಬಿದ್ದಿದ್ದ ತಟ್ಟೆಯನ್ನು ಕೊಡುತ್ತಾರೆ. ಮೊದಲ ವ್ಯಾಪಾರಿ ಸೂಜಿಯಿಂದ ಗೀರಿ ಚಿನ್ನವೆಂದು ತಿಳಿದು, ಅರ್ಧ ಮಾಸಕವೂ ಬಾಳುವುದಿಲ್ಲ ಎಂದು ಎಸೆದು ಹೋಗುತ್ತಾನೆ. ಆಮೇಲೆ ಬರಬಹುದು, ಬಿಟ್ಟಿಯಾಗಿ ಸಿಗುತ್ತದೆ ಎಂಬ ಲೆಕ್ಕ. ಎರಡನೆಯವನು, ಬೋಧಿಸತ್ವ, ನೋಡಿದವನೇ ಇದು ಒಂದು ಲಕ್ಷ ಬಾಳುತ್ತದೆ, ಅಷ್ಟು ನನ್ನಲ್ಲಿಲ್ಲ ಎನ್ನುತ್ತಾನೆ. ಅಜ್ಜಿ ನಿನಗೆ ತೋಚಿದ್ದು ಕೊಡು ಎಂದಾಗ ಕೈಯಲ್ಲಿದ್ದ ಐನೂರು ಕಹಾಪಣ, ಐನೂರು ಬೆಲೆಯ ಸರಕು ಕೊಟ್ಟು, ದೋಣಿಯವನಿಗೆಂದು ಎಂಟು ನಾಣ್ಯ, ತಕ್ಕಡಿ, ಚೀಲ ಮಾತ್ರ ಇಟ್ಟುಕೊಂಡು ಹೋಗುತ್ತಾನೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಎಲ್ಲರೂ ಮೊದಲನೆಯವನ ಎದೆಯೊಡೆದದ್ದರ ಮೇಲೆ ನಿಲ್ಲುತ್ತಾರೆ. ನನಗೆ ಕಾಡುವುದು ಲೆಕ್ಕ. ಒಂದು ಲಕ್ಷದ ತಟ್ಟೆ ಬೋಧಿಸತ್ವನಿಗೂ ಸಿಕ್ಕಿದ್ದು ಒಂದು ಸಾವಿರಕ್ಕೇ, ನೂರರಲ್ಲಿ ಒಂದು ಪಾಲಿಗೆ. ಬೆಲೆ ಮಾತ್ರ ನೋಡಿದರೆ ಅವನೂ ಭಾರೀ ಲಾಭ ಮಾಡಿದ. ಆದರೂ ಅವನ ವ್ಯಾಪಾರದಲ್ಲಿ ಕಳಂಕ ಕಾಣುವುದಿಲ್ಲ, ಏಕೆಂದರೆ ಕೊಡುವಾಗ ಅಜ್ಜಿಗೆ ತಾನು ಏನು ಕೊಡುತ್ತಿದ್ದೇನೆ ಎಂದು ಗೊತ್ತಿತ್ತು. ಅಂದರೆ ಗಾಡಿಯನ್ನು ಎಷ್ಟಕ್ಕೆ ಮಾರಿದೆ ಎಂಬುದರ ಮೇಲೆ ಶೀಲ ನಿಂತಿಲ್ಲ. ಮುಳುಗಿದ ಗಾಡಿ ಎಂದು ತಿಳಿದೂ ಆ ಹುಡುಗ 2,40,000 ಕೊಟ್ಟಿದ್ದರೆ ನಾನು ಸುಖವಾಗಿ ತೆಗೆದುಕೊಳ್ಳಬಹುದಿತ್ತು.

ಹಾಗಾದರೆ ದಳ್ಳಾಳಿಯ ಕಸುಬೇ ಕೆಟ್ಟದ್ದೇ? ನಾನು ಹಾಗೆನ್ನುವುದಿಲ್ಲ. ಉಪಾಸಕರು ಮಾಡಬಾರದೆಂದು ಹೇಳಿದ ಐದು ವ್ಯಾಪಾರಗಳು ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ದಳ್ಳಾಳಿತನ ಅದರಲ್ಲಿಲ್ಲ. ಪಾಪಣಿಕ ಸುತ್ತದಲ್ಲಿ ಭಗವಾನರು ಅಂಗಡಿಯವನ ಜಾಣತನವನ್ನೇ, ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಿದರೆ ಎಷ್ಟು ಉಳಿಯುತ್ತದೆ ಎಂದು ತಿಳಿದಿರುವುದನ್ನೇ, ಭಿಕ್ಷುವಿಗೆ ಹೋಲಿಕೆಯಾಗಿ ಕೊಟ್ಟಿದ್ದಾರೆ. ಆದರೆ ಮಹಾಚತ್ತಾರೀಸಕ ಸುತ್ತದಲ್ಲಿ ಮಿಥ್ಯಾ ಆಜೀವದ ಪಟ್ಟಿ ನೋಡಿ: ಕಪಟ, ಬಣ್ಣದ ಮಾತು, ಸೂಚನೆ ಕೊಟ್ಟು ಕೀಳುವುದು, ಹೀಗಳೆಯುವುದು, ಲಾಭದಿಂದ ಲಾಭ ಹುಡುಕುವುದು. ಕಸುಬಿನ ಹೆಸರೇ ಇಲ್ಲ, ಬರೀ ರೀತಿಗಳು. ನಮ್ಮ ಗಾಡಿಯನ್ನೇ ಆತ ಮೊದಲ ದಿನ ನನ್ನೆದುರು ಹೀಗಳೆದ, ಬೆಲೆ ಇಳಿಸಲು. ಮೂರು ವಾರದ ಮೇಲೆ ಅದೇ ಗಾಡಿಯನ್ನು ಹೊಗಳಿದ.

2023ರ ಏಪ್ರಿಲ್ 1ರಿಂದ ಹಳೇ ವಾಹನ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಗೇಟಿನ ಹತ್ತಿರ ನಿಂತು ಮರ ನೋಡುವವರಿಗೆ ಯಾವ ನಿಯಮವೂ ಇಲ್ಲ.

ಅರ್ಥಶಾಸ್ತ್ರ ಓದಿದವರಿಗೆ ಜಾರ್ಜ್ ಅಕರ್ಲಾಫ್ ಹೆಸರು ಗೊತ್ತಿರುತ್ತದೆ. 1970ರಲ್ಲಿ ಹಳೇ ಕಾರುಗಳ ಪೇಟೆಯ ಮೇಲೆ ಒಂದು ಸಣ್ಣ ಪ್ರಬಂಧ ಬರೆದರು, 2001ರಲ್ಲಿ ನೊಬೆಲ್ ಬಂತು. ಸಾರ ಇಷ್ಟು: ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಆತ ಎಲ್ಲಕ್ಕೂ ನಡುವಿನ ಬೆಲೆ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಬರುವುದಿಲ್ಲ, ಉಳಿಯುವುದು ಕೆಟ್ಟವೇ. ನಾನು ಗಿಡ ನೋಡಿದಾಗ ಬೆಲೆ ಕಳೆದದ್ದು ಆ ಹುಡುಗನ ಹಣ ಮಾತ್ರವಲ್ಲ, ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಜೋಪಾನವಾಗಿ ಓಡಿಸಿದ ಗಾಡಿ ಮಾರಲು ನಿಂತಿರುವ, ನಾನೆಂದೂ ನೋಡದ ಯಾರದೋ ಸತ್ಯದ ಬೆಲೆ ಕೂಡ. ಆತ ನಿಜ ಹೇಳಿದರೂ ಈಗ ಯಾರೂ ನಂಬುವುದಿಲ್ಲ.

ಇವಳು ಕೇಳಿದ ಪ್ರಶ್ನೆಗೂ ಇಲ್ಲೇ ಎಲ್ಲೋ ಉತ್ತರ ಇದೆ. ನಮಗೆ ಯಾರೂ ಹೇಳಲಿಲ್ಲ, ನಿಜ. ನಾನು ಕಳೆದುಕೊಂಡದ್ದನ್ನು ವಸೂಲಿ ಮಾಡುತ್ತಿದ್ದೆ, ಆದರೆ ಸಾಲ ತೆಗೆದುಕೊಂಡವರಿಂದಲ್ಲ. ಏಳು ತಿಂಗಳ ಬಸುರಿಯಿಂದ. ಡೈರಿ ಸರ್ಕಲ್ ಹತ್ತಿರ ಯಾವುದೋ ಬೆಳಗಿನ ಜಾವ ಆಕೆ ಹಿಂದಿನ ಸೀಟಿನಲ್ಲಿ ಇರಬಹುದು ಎಂಬುದು ತಲೆಗೆ ಬಂದ ಮೇಲೆ ಉಳಿದ ವಾದಗಳೆಲ್ಲ ನಡೆಯಲಿಲ್ಲ. ಅದಕ್ಕೂ ಎರಡು ದಿನ ಬೇಕಾಯಿತು, ಅದನ್ನೂ ಹೇಳಬೇಕು. ಅಂಬಲಟ್ಠಿಕ ರಾಹುಲೋವಾದದಲ್ಲಿ ಭಗವಾನರು ಮಗನಿಗೆ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ಮೂರು ಹೊತ್ತೂ ನೋಡಿಕೋ ಎಂದು ಹೇಳಿದರು. ನನಗೆ ದಕ್ಕಿದ್ದು ಮೂರನೆಯದು ಮಾತ್ರ.

ಆ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಧನ್ಯವಾದ ಹೇಳುತ್ತಾನೆ ಎಂದು ಒಳಗೆಲ್ಲೋ ಕಾಯುತ್ತಿದ್ದೆ. ಅವನು ಕೇಳಿದ್ದು: "ಮೊನ್ನೆ ಯಾಕೆ ಹೇಳ್ಲಿಲ್ಲ ಅಂಕಲ್?" ಟೋಕನ್ ವಾಪಸ್ ಕಳಿಸಿದೆ. ಆಮೇಲೆ ಬೇರೆ ಗಾಡಿ ಕೊಂಡನೋ ಇಲ್ಲವೋ ತಿಳಿಯದು.

ಬ್ರೋಕರ್ ಮನೆಗೇ ಬಂದು ಕೂಗಾಡಿದ. "ಹೇಳೋದಿದ್ರೆ ಮೊದಲ ದಿನಾನೇ ಹೇಳ್ಬೇಕಿತ್ತು ಸಾರ್. ಮೂರು ವಾರ ನನ್ನ ಪೆಟ್ರೋಲ್ ಸುಟ್ಟು ಹನ್ನೊಂದು ಪಾರ್ಟಿ ಕರ್ಕೊಂಡು ಬಂದೆ. ನೀವು ಒಳ್ಳೆಯವರಾದ್ರಿ, ನನ್ನ ಹೊಟ್ಟೆ ಮೇಲೆ ಹೊಡೆದ್ರಿ." ಅವನ ಮಾತಿನಲ್ಲಿ ನ್ಯಾಯ ಇತ್ತು. ಸುಳ್ಳು ಹೇಳಲು ಅವನನ್ನು ಇಟ್ಟುಕೊಂಡು, ಆಮೇಲೆ ಸುಳ್ಳುಗಾರ ಎಂದು ಕೈ ತೊಳೆದುಕೊಂಡಿದ್ದೆ. ಮೂರು ಸಾವಿರ ಕೊಟ್ಟೆ. ತೆಗೆದುಕೊಂಡ, ಆದರೆ ಆಮೇಲೆ ಅಶೋಕ ಪಿಲ್ಲರ್ ಹತ್ತಿರ ಎದುರಾದಾಗಲೆಲ್ಲ ಮುಖ ತಿರುಗಿಸುತ್ತಾನೆ. ಗಾಡಿ ಕೊನೆಗೆ ಆ ಜೆ.ಸಿ. ರಸ್ತೆಯ ಮೆಕ್ಯಾನಿಕ್ಕಿಗೇ 1,40,000ಕ್ಕೆ ಹೋಯಿತು, ಅವರಿಗೆ ನನಗಿಂತ ಚೆನ್ನಾಗಿ ಅದರ ಚರಿತ್ರೆ ಗೊತ್ತು. ಫಾರಂಗಳನ್ನು ಅಂದೇ ಕೊಟ್ಟು ಹೆಸರು ಬದಲಾಯಿಸಿದೆ. ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರಿದ್ದರೆ ಅಪಘಾತದ ಪರಿಹಾರ ಹಳೇ ಮಾಲೀಕನ ತಲೆಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಮಧ್ಯೆ ಗಾಡಿ ಎಷ್ಟು ಕೈ ಬದಲಾಗಿದ್ದರೂ. ಒಂದು ಲಕ್ಷದ ಕೊರತೆ ತುಂಬಲು ವರ್ಷ ಹಿಡಿಯಿತು. ಅಮ್ಮ ಈಗಲೂ ಆಟೋದಲ್ಲೇ ಹೋಗುತ್ತಾರೆ.

ಒಂದು ಸಣ್ಣ ಮಾತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇನ್ನೊಂದು ಸಿದ್ದಾಪುರ ಇದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಮತ್ತು ಪಕ್ಕದ ಬ್ರಹ್ಮಗಿರಿ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ತಂದೆ ತಾಯಿಯರ ಸೇವೆ, ಪ್ರಾಣಿಗಳ ಮೇಲೆ ದಯೆ, ಇವುಗಳ ಜೊತೆಗೆ ಸತ್ಯ ನುಡಿಯಬೇಕು ಎಂಬುದೂ ಅಲ್ಲಿ ಕೊರೆದಿದೆ. ನನ್ನ ಪ್ರಕರಣದಲ್ಲಿ ಮೊದಲನೆಯದನ್ನು ಮೂರನೆಯದಕ್ಕೆ ನೆಪ ಮಾಡಿಕೊಂಡಿದ್ದೆ.

ನಾಳಿದ್ದು ಭಾನುವಾರ, ಎಂದಿನಂತೆ ಬೆಳಗ್ಗೆ ಏಳೂವರೆಗೆ ಸೇರೋಣ. ಆ ಹುಡುಗ ಬಂದರೆ ನಾನು ಮೊದಲು ಕೇಳುವುದು ಒಂದೇ: ಗಾಡಿ ಕೊಂಡವರ ನಂಬರ್ ಇನ್ನೂ ನಿನ್ನ ಫೋನಿನಲ್ಲಿದೆಯಾ?